ಪಾಲಿಲ್ಲದ ಮನೆಮಗ

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಅರ್ಧ ನಗುತ್ತಾ ಅರ್ಧ ಅಳುತ್ತಾ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ದೊಡ್ಡಪ್ಪ, ಹಾಜರಿ ಮೆಷಿನ್ ಹಾಕಿ ಒಂದು ವಾರ ಆಗಿಲ್ಲ, ನಾಲ್ಕು ಜನ ಹಮಾಲಿಗಳು ಬರೋದೇ ಬಿಟ್ಟಿದ್ದಾರೆ. ನಾನೇನು ತಪ್ಪು ಮಾಡ್ದೆ?"

ಆ ನಾಲ್ವರಲ್ಲಿ ಒಬ್ಬ ಮರುದಿನವೇ ಕೆ.ಆರ್. ನಗರದ ಬಸ್‌ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಿಕ್ಕಿದ. ಯಾಕಪ್ಪಾ ಎಂದೆ. ಬಾಯಿ ಬಿಡಲಿಲ್ಲ, ಬಲಗೈ ಹೆಬ್ಬೆರಳನ್ನು ನನ್ನ ಕಣ್ಣ ಮುಂದೆ ಹಿಡಿದ. ಮುಟ್ಟಿ ನೋಡಿದೆ, ಗೆರೆಯೇ ಇಲ್ಲ. ಇಪ್ಪತ್ತೆರಡು ವರ್ಷ ಭತ್ತದ ಚೀಲದ ಕಿವಿ ಹಿಡಿದು ಎಳೆದೂ ಎಳೆದೂ ಹೊಳೆಯ ಕಲ್ಲಿನ ಹಾಗೆ ನುಣುಪಾಗಿದೆ. "ರೇಷನ್ ಅಂಗಡೀಲೂ ಇದೇ ಗೋಳು ಬುದ್ಧಿ. ಅಲ್ಲಾದ್ರೆ ಹೆಂಡ್ರು ಬೆಳ್ಳು ಕೊಡ್ತಾಳೆ. ಮಿಲ್ನಾಗೆ ಯಾರ ಬೆಳ್ಳು ಕೊಡ್ಲಿ?" ಅಂದ. ನಿನ್ನ ಮೆಷಿನ್ನು 'ಪ್ಲೀಸ್ ಟ್ರೈ ಅಗೇನ್' ಎಂದು ಏಳು ಸಲ ಹೇಳಿತಂತೆ, ಹಿಂದೆ ಸಾಲಿನಲ್ಲಿದ್ದ ಹುಡುಗರು ನಕ್ಕರಂತೆ. ಸಂಬಳ ಹೋಗುತ್ತದೆ ಎಂಬ ಭಯಕ್ಕಿಂತ ಹೆಚ್ಚಾಗಿ ಆ ನಗುವೇ ಅವನನ್ನು ಮನೆಗೆ ಕಳಿಸಿದ್ದು.

ಮೆಷಿನ್ ಕಿತ್ತು ಬಿಸಾಡು ಎಂದು ನಾನು ಹೇಳುವುದಿಲ್ಲ. ಬೆರಳು ಹಿಡಿಯದವರಿಗೆ ಕಾರ್ಡೋ ಮುಖ ನೋಡಿ ಗುರುತಿಸುವುದೋ ಬಂದಿದೆಯಂತೆ, ಅಷ್ಟು ಮಾಡಿಸು. ಆದರೆ ಮೂವತ್ತನಾಲ್ಕು ವರ್ಷ ನಮ್ಮ ಅಕ್ಕಿ ಮಿಲ್ಲಿನ ಗಲ್ಲಾದ ಹಿಂದೆ ಕೂತವನು ನಾನು. ಬೆಂಗಳೂರಿನಲ್ಲಿ ನೀನು ಓದಿ ಬಂದ ಪುಸ್ತಕದಲ್ಲಿ ನಮ್ಮ ಮಿಲ್ಲಿನ ರೋಗಕ್ಕೆ ಹೆಸರಿದೆಯೋ ಇಲ್ಲವೋ ಗೊತ್ತಿಲ್ಲ. ನಾನು ಕಂಡ ಮಟ್ಟಿಗೆ ಅದರ ಹೆಸರು 'ಮನೆಮಗ'.

ನಿನಗೆ ನೆನಪಿರಬೇಕು, ನಮ್ಮ ಮೇಸ್ತ್ರಿ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆ ಜಾತ್ರೆಯ ದನ ತೋರಿಸಿದವನು. 1983ರಲ್ಲಿ ಸೇರಿದ, 2014ರಲ್ಲಿ ಬಿಟ್ಟ. ನಡುವೆ ಒಂದು ಸಲ ಎಲಿವೇಟರಿನ ಬೆಲ್ಟಿಗೆ ಕೈ ಸಿಕ್ಕಿ ಎರಡು ಬೆರಳು ಹೋದವು. ಆಸ್ಪತ್ರೆಯ ಖರ್ಚೆಲ್ಲ ಕೊಟ್ಟೆ, ವಾಸಿಯಾದ ಮೇಲೆ ತೂಕದ ಹತ್ತಿರ ಕೂರಿಸಿದೆ. ಬಂದವರಿಗೆಲ್ಲ, "ಇವನು ಆಳಲ್ಲ, ನಮ್ಮ ಮನೆಮಗ" ಎನ್ನುತ್ತಿದ್ದೆ. ಹೇಳುವಾಗ ನನಗೇ ಎದೆ ತುಂಬಿ ಬರುತ್ತಿತ್ತು. ಬಿಡುವ ದಿನ ಮಿಲ್ಲಿನ ಕಣದಲ್ಲಿ ಶಾಮಿಯಾನ ಹಾಕಿಸಿ, ಶಾಲು ಹೊದಿಸಿ, ಕವರಿನಲ್ಲಿ 25,000 ರೂಪಾಯಿ ಇಟ್ಟು ಕೊಟ್ಟೆ. ಊರಿಗೆ ಊರೇ ನನ್ನನ್ನು ಹೊಗಳಿತು.

ಮೂರು ವರ್ಷದ ಮೇಲೆ, ಜಿಎಸ್‌ಟಿ ಬಂದ ಹೊಸತರಲ್ಲಿ, ಹಳೇ ಲೆಕ್ಕವೆಲ್ಲ ತೆಗೆಸಿದ ಆಡಿಟರು ಸುಮ್ಮನೆ ಕೇಳಿದರು: "ಈ ಮೇಸ್ತ್ರಿಯ ಗ್ರಾಚ್ಯುಟಿ ಎಲ್ಲಿ ಬರೆದಿದ್ದೀರಿ?" ನನಗೆ ಆ ಪದವೇ ಸರಕಾರಿ ನೌಕರರದ್ದು ಅನ್ನಿಸಿತ್ತು. ಆದರೆ ಆ ಕಾಯಿದೆ 1972ರದ್ದು. ಹತ್ತು ಜನ ಕೆಲಸ ಮಾಡುವ ಕಡೆಗೆಲ್ಲ ಅನ್ವಯಿಸುತ್ತಿತ್ತು. ನಮ್ಮಲ್ಲಿ ಹದಿನಾಲ್ಕು ಜನ ಇದ್ದರು. ಆಡಿಟರು ಕಾಗದದ ಮೇಲೆ ಬರೆದು ತೋರಿಸಿದರು. ಕೊನೆಯ ಸಂಬಳ 9,000. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಕೆಲಸ ಮಾಡಿದ 31 ವರ್ಷದಿಂದ ಗುಣಿಸಿದರೆ 1,60,961 ರೂಪಾಯಿ. ನಾನು ಕೊಟ್ಟದ್ದು ಅದರ ಆರನೇ ಒಂದು ಪಾಲಿಗಿಂತ ಕಡಿಮೆ. ಮನೆಮಗನೇ ಆಗಿದ್ದರೆ ಪಾಲು ಸಿಗುತ್ತಿತ್ತು, ನಮ್ಮ ಮನೆಮಗನಿಗೆ ಶಾಲು ಸಿಕ್ಕಿತ್ತು.

ಉಳಿದದ್ದನ್ನು ಎರಡು ಕಂತಿನಲ್ಲಿ ಅವನ ಊರಿಗೆ ಹೋಗಿ ಕೊಟ್ಟೆ. ಮೊದಲ ಕಂತು ಕೈಗಿಟ್ಟಾಗ ಅವನು ಹೆದರಿದ. "ಇದು ಯಾವ ಸಾಲ ಬುದ್ಧಿ? ನಾನು ತೀರಿಸೋಕೆ ಆಗಕ್ಕಿಲ್ಲ" ಅಂದ. ಮೂವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಅವನ ಕೈಗೆ ಬಂದ ದುಡ್ಡೆಂದರೆ ಒಂದೋ ಕೂಲಿ, ಇಲ್ಲವೇ ಸಾಲ. ಮೂರನೆಯದೊಂದು ಇರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಆ ಹೊತ್ತಿನ ಅವನ ಮುಖ ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ನೀನು ಬಂದ ಮೇಲೆ ಎಲ್ಲರನ್ನೂ ಸೇರಿಸಿ ವಾಟ್ಸಾಪ್ ಗುಂಪು ಮಾಡಿದ್ದೀಯಲ್ಲ, ಅದಕ್ಕೆ 'ನಮ್ಮ ಮಿಲ್ ಫ್ಯಾಮಿಲಿ' ಎಂದು ಹೆಸರಿಟ್ಟಿದ್ದೀಯ. ನನ್ನನ್ನೂ ಸೇರಿಸಿದ್ದಕ್ಕೆ ಸಂತೋಷ. ಆದರೆ ಆ ಹೆಸರು ಓದಿದಾಗ ಬೆಚ್ಚಿದೆ, ನನ್ನ ಮನೆಮಗನೇ ಇಂಗ್ಲಿಷ್ ಕಲಿತು ವಾಪಸು ಬಂದ ಹಾಗಾಯಿತು. ಅದೇ ಗುಂಪಿನಲ್ಲಿ ರಾತ್ರಿ ಹತ್ತೂವರೆಗೆ, "ನಾಳೆ ಐದಕ್ಕೆ ಲಾರಿ ಬರುತ್ತೆ, ಎಲ್ಲರೂ ಬನ್ನಿ" ಎಂದು ಹಾಕಿದ್ದೀಯ. ಫ್ಯಾಮಿಲಿ ಎಂದ ಮೇಲೆ ಬರುವುದಿಲ್ಲ ಅನ್ನುವ ಬಾಯಿ ಯಾರಿಗಿದೆ? ಹೆಸರು ಬದಲಿಸು. 'ಮಿಲ್ ಕೆಲಸ' ಎಂದಿರಲಿ, ಸಾಕು. ಏಳು ಗಂಟೆಯ ಮೇಲೆ ಅದರಲ್ಲಿ ಏನೂ ಹಾಕಬೇಡ.

ಅಡ್ವಾನ್ಸಿನ ಮಾತಿಗೆ ಬರೋಣ, ಇದನ್ನು ನಿನಗೆ ಬೇರೆ ಯಾರೂ ಹೇಳಿಕೊಡುವುದಿಲ್ಲ. ಕಿರ್ದಿಯ ಹಿಂದೆ ಒಂದು ಉಚಂತಿ ಪುಸ್ತಕ ಇದೆ ನೋಡು, ಕೆಂಪು ರಟ್ಟಿನದು. ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂದು ಅದರಲ್ಲಿದೆ. ಒಮ್ಮೆ ಕೂತು ಓದು. ಯಾರದೂ ಸೊನ್ನೆಗೆ ಇಳಿದೇ ಇಲ್ಲ ಎಂಬುದು ನಿನ್ನ ಕಣ್ಣಿಗೆ ಬೀಳುತ್ತದೆ. ಅದು ತಾನಾಗಿ ಆದದ್ದಲ್ಲ, ನಾನು ಮಾಡಿದ್ದು. ಇನ್ನು ಎರಡು ಸಾವಿರ ಬಾಕಿ ಅನ್ನುವಾಗ, "ಯುಗಾದಿಗೆ ಐದು ಸಾವಿರ ತಗೋ ಹೋಗು" ಎಂದು ನಾನೇ ಜೇಬಿಗೆ ತುರುಕುತ್ತಿದ್ದೆ. ದೊಡ್ಡ ಮನಸ್ಸಿನ ಸಾವ್ಕಾರ್ರು ಅನ್ನಿಸಿಕೊಂಡ ಹಾಗೂ ಆಯಿತು, ಆಳು ಪಕ್ಕದ ಮಿಲ್ಲಿಗೆ ಹೋಗದ ಹಾಗೂ ಆಯಿತು. ಬಾಕಿ ಇರುವವನನ್ನು ಪಕ್ಕದವರು ಸೇರಿಸಿಕೊಳ್ಳುವುದಿಲ್ಲ, ಅದು ನಮ್ಮನಮ್ಮಲ್ಲಿನ ಒಪ್ಪಂದ.

ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲೇ, 1975ರ ಅಕ್ಟೋಬರ್ 25ರಿಂದ, ಜೀತ ಪದ್ಧತಿ ರದ್ದಾದದ್ದು. ಸುಗ್ರೀವಾಜ್ಞೆಯ ಹಿಂದೆಯೇ 1976ರಲ್ಲಿ ಕಾಯಿದೆಯೂ ಬಂತು. ಆಮೇಲೂ ಎಚ್.ಡಿ. ಕೋಟೆ ಕಡೆಯಿಂದ ಜೀತದಾಳುಗಳ ಸುದ್ದಿಯನ್ನು ಪೇಪರಿನಲ್ಲಿ ಓದುತ್ತಲೇ ಬಂದಿದ್ದೇವೆ. ಓದಿದಾಗೆಲ್ಲ ನಾನು, 'ಛೆ, ಎಂಥ ಜನ' ಎಂದು ಪೇಪರ್ ಮಡಿಸಿಟ್ಟು, ಅದೇ ಮೇಜಿನ ಮೇಲೆ ಕೆಂಪು ಪುಸ್ತಕ ತೆಗೆಯುತ್ತಿದ್ದೆ. ನಮ್ಮದು ಜೀತವಲ್ಲ, ನಿಜ. ದಿನಗೂಲಿ ಕೊಡುತ್ತಿದ್ದೆವು, ಹೊಡೆಯುತ್ತಿರಲಿಲ್ಲ. ಆದರೂ ಎರಡರ ಬೇರೂ ಒಂದೇ ಮಣ್ಣಿನಲ್ಲಿದೆ, ತೀರದ ಮುಂಗಡದಲ್ಲಿ.

ಹಾಗೆಂದು ಅಡ್ವಾನ್ಸ್ ನಿಲ್ಲಿಸಿಬಿಡಬೇಡ. ಜೂನ್ ತಿಂಗಳಲ್ಲಿ ಮಕ್ಕಳ ಫೀಸು, ಮನೆಯಲ್ಲೊಂದು ಹೆರಿಗೆ, ತಾಯಿಯ ತಿಥಿ, ಇವಕ್ಕೆಲ್ಲ ನಿನ್ನಲ್ಲಿ ಸಿಗದಿದ್ದರೆ ಮೀಟರ್ ಬಡ್ಡಿಯವನ ಹತ್ತಿರ ಹೋಗುತ್ತಾರೆ, ಇಲ್ಲವೇ ಹೆಂಡತಿಯ ಹೆಸರಿನಲ್ಲಿ ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ಎತ್ತುತ್ತಾರೆ. ಆ ವಸೂಲಿಯವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಡುವಂತಾಗಿ, 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕೊಡು. ಎರಡು ತಿಂಗಳ ಸಂಬಳ ಮೀರದಂತೆ ಕೊಡು, ಬಡ್ಡಿ ಬೇಡ, ತಿಂಗಳಿಗೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹಿಡಿಯಬೇಡ. ಕೆಂಪು ಪುಸ್ತಕದ ಜೊತೆಗೆ ಇನ್ನೊಂದು ಪುಟ್ಟ ಪುಸ್ತಕ ಅವನ ಕೈಯಲ್ಲೂ ಇರಲಿ, ಹಾಲಿನ ಡೇರಿಯ ಪಾಸ್‌ಬುಕ್ಕಿನ ಹಾಗೆ. ಹಳೆಯದು ತೀರುವ ತನಕ ಹೊಸದು ತೆರೆಯಬೇಡ. ನಡುವೆ ಬಿಟ್ಟು ಹೋಗುತ್ತೇನೆ ಅಂದವನನ್ನು ಬಾಕಿಯ ನೆಪದಲ್ಲಿ ಹಿಡಿದು ನಿಲ್ಲಿಸಬೇಡ. ಅವನ ಸಂಬಳ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು, ಹೊಸ ಕಾರ್ಮಿಕ ಕಾನೂನೂ ಅದನ್ನೇ ಹೇಳುತ್ತದೆ. ಒಂದೆರಡು ಸಾವಿರ ಮುಳುಗಬಹುದು. ಮುಳುಗಲಿ.

ಇನ್ನು ಬಟವಾಡೆ ಲೆಕ್ಕದ ಮಾತು. ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ ಬಂದ ಮೇಲೆ ಹೋಟೆಲಿನ ಚೊಕ್ಕಟದ ರೀತಿಯನ್ನೇ ಬದಲಿಸಿದರು, ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟರು. ಕುಟುಂಬದ ವ್ಯಾಪಾರವೇ ಅದೂ. ನಾವು ಅಕ್ಕಿ ಮಾಡುವವರು, ಪಾಲಿಶರ್ ತೋರಿಸಿ ಯಾರನ್ನು ಮೆಚ್ಚಿಸಬೇಕು? ನಾವು ತೆರೆದಿಡಬೇಕಾದದ್ದು ಮಸ್ಟರ್ ರೋಲು. ಯಾರ ಹಾಜರಿ ಎಷ್ಟು, ಓಟಿ ಎಷ್ಟು ಗಂಟೆ, ಯಾಕೆ ಕಡಿತ ಎಂದು ಬಟವಾಡೆಯ ಹಿಂದಿನ ದಿನವೇ ಅವರವರಿಗೆ ಅವರವರ ಸಾಲು ತೋರಿಸು. ಜಗಳವೆಲ್ಲ ಅವತ್ತೇ ಆಗಿಹೋಗಲಿ. ನನ್ನ ಕಾಲದಲ್ಲಿ ದುಡ್ಡು ಎಣಿಸಿಕೊಂಡು ಗೇಟಿನವರೆಗೆ ಹೋಗಿ, ಅಲ್ಲಿ ನಿಂತು ಬೆರಳು ಮಡಚಿ ಲೆಕ್ಕ ಹಾಕಿ, ಒಂದು ದಿನದ ಕೂಲಿ ಕಡಿಮೆ ಬಂದಿದೆ ಎಂದು ಗೊತ್ತಾಗಿಯೂ ವಾಪಸು ಬಂದು ಕೇಳುವ ಧೈರ್ಯವಿಲ್ಲದೆ ಹೋದವರನ್ನು ಕಿಟಕಿಯಿಂದ ನೋಡಿದ್ದೇನೆ. ಕರೆಯಲಿಲ್ಲ.

ಈಗ ನಮ್ಮ ಮನೆಯವರ ವಿಚಾರ. ನಮ್ಮಲ್ಲಿ ಆಳು ಹದಿನಾಲ್ಕು, ಯಜಮಾನರು ಆರು. ಪಾಲಿಶರ್ ನೋಡಿಕೊಳ್ಳುವ ಹುಡುಗನ ಒಂದು ಬೆಳಗ್ಗೆಯನ್ನು ನೆನೆಸಿಕೋ. ಎಂಟಕ್ಕೆ ನಿಮ್ಮಪ್ಪ ಜಾಲರಿ ಬದಲಿಸು ಎನ್ನುತ್ತಾನೆ. ಎಂಟೂಕಾಲಿಗೆ ನಿನ್ನ ಚಿಕ್ಕಪ್ಪ, ಹಸುವಿಗೆ ಬೂಸಾ ಮೂಟೆ ಹಾಕಿ ಬಾ ಎಂದು ಬೈಕಿನ ಕೀಲಿ ಕೊಡುತ್ತಾನೆ. ಬೂಸಾ ಹಾಕಲು ಮನೆಗೆ ಹೋದರೆ ನಿಮ್ಮಜ್ಜಿ, ಬಂದದ್ದು ಬಂದೆ, ಗ್ಯಾಸ್ ಸಿಲಿಂಡರ್ ಒಳಗಿಡು, ತೆಂಗಿನಕಾಯಿ ಸುಲಿದುಕೊಡು ಎನ್ನುತ್ತಾರೆ. ಅವನು ಹತ್ತಕ್ಕೆ ವಾಪಸು ಬಂದಾಗ ಜಾಲರಿ ಹಾಗೇ ಇದೆ, ಗಿರಾಕಿ ನಿಂತಿದ್ದಾನೆ, ನಿಮ್ಮಪ್ಪನ ಬಾಯಿಂದ ಆ ಹುಡುಗನ ತಾಯಿಯವರೆಗೂ ಹೋಗುವ ಬೈಗುಳ ಗಿರಾಕಿಯ ಎದುರೇ ಬರುತ್ತದೆ. ಆ ಹುಡುಗ ಈಗ ನಂಜನಗೂಡಿನ ಫ್ಯಾಕ್ಟರಿಯಲ್ಲಿದ್ದಾನೆ. ಅಲ್ಲಿ ಸಂಬಳ ಹೆಚ್ಚೇನಿಲ್ಲ. "ಅಲ್ಲಿ ಒಬ್ರೇ ಬೈಯೋದು ಅಣ್ಣ" ಅಂದನಂತೆ.

ಆದ್ದರಿಂದ ಮೊದಲು ಮನೆಯೊಳಗೆ ಒಂದು ಪಂಚಾಯ್ತಿ ಮಾಡು. ಮಿಲ್ಲಿನಲ್ಲಿ ಕೆಲಸ ಹೇಳುವವರು ಇಬ್ಬರೇ. ಉಳಿದವರು ಆ ಇಬ್ಬರಿಗೆ ಹೇಳಲಿ. ಮಿಲ್ಲಿನ ಆಳು ಮನೆಯ ಕೆಲಸಕ್ಕಿಲ್ಲ. ನಮ್ಮವರಲ್ಲಿ ದುಡಿಯುವವರಿಗೆ ತಿಂಗಳ ಸಂಬಳ ಗೊತ್ತು ಮಾಡು, ನಿನಗೂ ಸೇರಿಸಿ. ಗಲ್ಲಾಕ್ಕೆ ಕೈ ಹಾಕುವವರು ಯಾರೇ ಆಗಲಿ ಚೀಟಿ ಬರೆದಿಡಲಿ. ಹಮಾಲಿ ಐನೂರು ಕೇಳಿದರೆ ಹೆಬ್ಬೆಟ್ಟು ಹಾಕಿಸಿಕೊಳ್ಳುವ ಮನೆಯಲ್ಲಿ, ಮಗ ಐದು ಸಾವಿರ ತೆಗೆದುಕೊಂಡು ಸಿನಿಮಾಕ್ಕೆ ಹೋದದ್ದಕ್ಕೆ ಗುರುತೇ ಇಲ್ಲ ಎಂಬುದನ್ನು ಎಲ್ಲ ಆಳುಗಳೂ ನೋಡಿಕೊಂಡೇ ಇರುತ್ತಾರೆ. ಇನ್ನೊಂದು: ಒಬ್ಬೊಬ್ಬ ಯಜಮಾನನಿಗೆ ಒಬ್ಬೊಬ್ಬ 'ನಮ್ಮ ಕಡೆಯವನು' ಇರುತ್ತಾನೆ, ಚಾಡಿ ಹೇಳಲು. ನನಗೂ ಇದ್ದ. ನಿನಗೂ ಒಬ್ಬ ಈಗಾಗಲೇ ಗಂಟುಬಿದ್ದಿರಬೇಕು. ಬೆಳಿಗ್ಗೆ ಮೊದಲು ಬಂದು ಹಿಂದಿನ ದಿನದ ಸುದ್ದಿ ಹೇಳುತ್ತಾನಲ್ಲ, ಅವನೇ. ಅವನ ಮಾತಿಗೆ ಹೂಂಗುಟ್ಟುವುದನ್ನು ಬಿಡು.

ಹೆಂಗಸರ ಬಗ್ಗೆ ಒಂದು ಮಾತು. ನೀನೇ ಹೆಣ್ಣುಮಗಳು, ನಾನು ಹೇಳುವುದೇನು ಅಂತೀಯ. ಹಾಗಾದರೆ ಒಂದು ಕೇಳುತ್ತೇನೆ: ಹಿಂದುಗಡೆ ಕಟ್ಟಿಸಿದ ಶೌಚಾಲಯದ ಬೀಗದ ಕೈ ಎಲ್ಲಿದೆ? ಗಲ್ಲಾದಲ್ಲಿ. ನುಚ್ಚು ಕೇರುವ, ಕಣ ಗುಡಿಸುವ ಆರು ಜನ ಹೆಂಗಸರು ಗಲ್ಲಾದ ಮುಂದೆ ಬಂದು, ಗಿರಾಕಿಗಳ ನಡುವೆ, ಗಂಡಸಿನ ಕೈಯಿಂದ ಅದನ್ನು ಇಸಿದುಕೊಳ್ಳಬೇಕು. ಯಾರೂ ಕೇಳುವುದಿಲ್ಲ. ನಾಲೆ ಏರಿಯ ಮರೆಗೆ ಹೋಗುತ್ತಾರೆ, ಇಲ್ಲವೇ ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. "ಯಾರೂ ಉಪಯೋಗಿಸಲ್ಲ" ಎಂದು ನಾವು ಅದರಲ್ಲಿ ಖಾಲಿ ಗೋಣಿಚೀಲ ತುಂಬಿದೆವು.

ಇದು ಬರೀ ಮಾನದ ಮಾತಲ್ಲ, ವ್ಯಾಪಾರದ್ದೂ ಹೌದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಮೊದಲು ಮೈಸೂರಿಗೆ ಹೋಗಿಬರುವ ಖರ್ಚಿಗೆ ಹೆದರಿ ನಮ್ಮಲ್ಲೇ ಉಳಿಯುತ್ತಿದ್ದವಳು ಈಗ ಬೆಳಗಿನ ಬಸ್ಸು ಹತ್ತಿ ಗಾರ್ಮೆಂಟ್ಸಿಗೋ ಅಂಗಡಿಗೋ ಹೋಗಬಲ್ಲಳು. ಅಲ್ಲಿ ಪಿಎಫ್ ಇದೆ, ಇಎಸ್‌ಐ ಇದೆ, ಬಾಗಿಲಿಗೆ ಒಳಚಿಲಕ ಇದೆ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ ಎನ್ನುವುದು 1976ರಿಂದಲೇ ಕಾನೂನಿಗೆ ವಿರುದ್ಧ. ನಾವು ಮೊನ್ನೆಯವರೆಗೂ ಅದನ್ನು 'ನಡೆದುಬಂದ ಪದ್ಧತಿ' ಎನ್ನುತ್ತಿದ್ದೆವು. ಇನ್ನು ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ, 2013ರ ಕಾಯಿದೆಯದು, ಹತ್ತು ಜನ ಇದ್ದರೆ ಇರಲೇಬೇಕು. ಅದರಲ್ಲಿ ಹೊರಗಿನವರು ಒಬ್ಬರಿರಬೇಕು ಎಂಬುದನ್ನು ಬರೀ ಕಾಗದಕ್ಕೆ ಮಾಡಬೇಡ. ನಮ್ಮಂಥ ಕಡೆ ದೂರು ಯಾರ ಮೇಲೋ ಅವನು ನಿನ್ನ ಚಿಕ್ಕಪ್ಪನೋ ಅಣ್ಣನೋ ಆಗಿದ್ದರೆ ಆ ಹೆಂಗಸು ಯಾರ ಹತ್ತಿರ ಹೇಳಬೇಕು? ನಿನ್ನ ಹತ್ತಿರವೂ ಹೇಳಲಾರಳು. ಊರಿನ ಒಬ್ಬ ನಿವೃತ್ತ ಟೀಚರಮ್ಮನನ್ನೋ ಲಾಯರಮ್ಮನನ್ನೋ ಕೇಳಿಕೋ.

ರಜೆಯ ವಿಷಯದಲ್ಲಿ ನೀನು ಹೆಚ್ಚು ತಲೆಕೆಡಿಸಿಕೊಂಡ ಹಾಗಿದೆ. 'ಹೇಳದೆ ಕೇಳದೆ ತಪ್ಪಿಸಿಕೊಳ್ಳುತ್ತಾರೆ' ಎಂದು ನೀನು ಬರೆದ ಪಟ್ಟಿ ನೋಡಿದೆ. ತಿಂಗಳು ನೋಡಿದೆಯಾ? ಮೇ, ಆಮೇಲೆ ಆಗಸ್ಟ್, ಸೆಪ್ಟೆಂಬರ್. ನಮ್ಮಲ್ಲಿಗೆ ಬರುವವರಲ್ಲಿ ಅರ್ಧ ಜನ ಹುಣಸೂರು, ಪಿರಿಯಾಪಟ್ಟಣದ ಕಡೆಯ ಹಳ್ಳಿಯವರು, ಹೊಗೆಸೊಪ್ಪಿನ ಸೀಮೆ. ಸಸಿ ನೆಡುವಾಗ ಮನೆಯವರೆಲ್ಲ ಹೊಲದಲ್ಲಿರಬೇಕು. ಎಲೆ ಬೇಯಿಸಲು ಬ್ಯಾರನ್‌ಗೆ ಬೆಂಕಿ ಹಾಕಿದರೆ ಐದಾರು ದಿನ ಹಗಲು ರಾತ್ರಿ ಒಬ್ಬರು ಕಾಯಲೇಬೇಕು. ಕಾವು ಒಂದಿಷ್ಟು ಹೆಚ್ಚುಕಡಿಮೆಯಾದರೆ ಹರಾಜಿನಲ್ಲಿ ವರ್ಷದ ದುಡಿಮೆ ಕರಗುತ್ತದೆ. ಅದನ್ನು ಬಿಟ್ಟು ನಿನ್ನ ಚೀಲ ಹೊರಲು ಬರಲಿ ಅನ್ನುವುದು ಸಾಧ್ಯವಿಲ್ಲದ ಮಾತು. ಅದೃಷ್ಟಕ್ಕೆ ನಮ್ಮ ಮಿಲ್ಲಿನ ಸುಗ್ಗಿ ಬೇರೆ: ಚಾಮರಾಜ ನಾಲೆಯ ಬಯಲಿನ ಭತ್ತ ಕಣಕ್ಕೆ ಬಂದ ಮೇಲೆ, ಡಿಸೆಂಬರಿನಿಂದ. ಬ್ಯಾರನ್ ಕಾಲದಲ್ಲಿ ನಮ್ಮಲ್ಲಿ ನೊಣ ಹೊಡೆಯುತ್ತೇವೆ. ಏಪ್ರಿಲ್ಲಿನಲ್ಲೇ ಎಲ್ಲರನ್ನೂ ಕೂರಿಸಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿಸು, ಯಾರಿಗೆ ಯಾವ ವಾರ ಬೇಕು ಎಂದು. ಬದಲಿ ಆಳನ್ನು ಅವರವರಲ್ಲೇ ಗೊತ್ತು ಮಾಡಿಕೊಳ್ಳಲಿ. ಆ ಬಿಡುವಿಗೆ ಬದಲಾಗಿ ಸುಗ್ಗಿಯಲ್ಲಿ ಹೆಚ್ಚು ಹೊತ್ತು ಕೇಳು, ಅದಕ್ಕೆ ಎರಡರಷ್ಟು ಕೂಲಿ ಕೊಡು. ಬಿಹಾರ, ಒಡಿಶಾದ ಹುಡುಗರನ್ನು ಕರೆಸಿಬಿಡೋಣ ಎಂದು ಚಿಕ್ಕಪ್ಪ ಹೇಳುತ್ತಿದ್ದಾನೆ, ಗೊತ್ತು. ಕರೆಸು, ಬೇಡವೆನ್ನುವುದಿಲ್ಲ. ಆದರೆ ಅವರ ಆಧಾರ್ ಕಾರ್ಡು ಇಸಿದುಕೊಂಡು ಬೀರುವಿನಲ್ಲಿಡುವ ಅಭ್ಯಾಸ ಒಂದಿದೆ ನಮ್ಮ ಸುತ್ತಿನಲ್ಲಿ. ಅದು ನಮ್ಮ ಕೆಂಪು ಪುಸ್ತಕದ ತಮ್ಮ.

ಕಾಗದಪತ್ರದ್ದು ಬೇಗ ಹೇಳಿಬಿಡುತ್ತೇನೆ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕದ ಪತ್ರ ಎಲ್ಲರಿಗೂ ಕೊಡಬೇಕು. ಕನ್ನಡದಲ್ಲಿ ಕೊಡು, ಒಂದೇ ಪುಟ, ಓದಿ ಹೇಳಿ ಕೊಡು. ಇಎಸ್‌ಐ ದುಬಾರಿ ಎಂದು ನಿಮ್ಮಪ್ಪ ಗೊಣಗಿದರೆ ಲೆಕ್ಕ ತೋರಿಸು: 16,000 ಸಂಬಳದವನಿಗೆ ನೀನು ಕಟ್ಟುವುದು ತಿಂಗಳಿಗೆ 520 ರೂಪಾಯಿ, ಅವನ ಪಾಲು 120. ಮೇಸ್ತ್ರಿಯ ಎರಡು ಬೆರಳು ಹೋದಾಗ ನಾನು ಕೊಟ್ಟ ಆಸ್ಪತ್ರೆ ಖರ್ಚನ್ನು ಊರೆಲ್ಲ ಕೊಂಡಾಡಿತ್ತು. ಅವತ್ತೇ ಇಎಸ್‌ಐ ಕಟ್ಟಿದ್ದರೆ ಆ ಖರ್ಚೂ ಹೊರಟುಹೋಗುತ್ತಿತ್ತು, ಬೆರಳಿನ ಬಾಬ್ತು ಅವನಿಗೆ ಬದುಕಿರುವವರೆಗೆ ದುಡ್ಡು ಬರುತ್ತಿತ್ತು. ನನ್ನನ್ನು ಯಾರೂ ಹೊಗಳುತ್ತಿರಲಿಲ್ಲ, ಅಷ್ಟೇ.

ಹಳೆಯದೆಲ್ಲ ಕೆಟ್ಟದ್ದು ಅಂತಲೂ ಅಂದುಕೊಳ್ಳಬೇಡ ಕಣವ್ವ. ಆಳಿನ ಮಗಳ ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂತು ಉಂಡು ಬಾ. ಸಾವಾದ ಮನೆಗೆ ಹೋಗು. ಅದನ್ನು ಯಾವ ಕಾಯಿದೆಯೂ ಹೇಳಿಲ್ಲ, ಯಾವ ಕಂಪನಿಯೂ ಮಾಡುವುದಿಲ್ಲ. ಕೊಡಬೇಕಾದದ್ದನ್ನು ಕೊಟ್ಟ ಮೇಲೆ ಹೋಗು. ಆಗ ಅವನು ನಿನ್ನ ಮುಖ ನೋಡಿ ಮಾತಾಡುತ್ತಾನೆ. ಲೆಕ್ಕ ಬರೆಯುವ ನಮ್ಮ ರೈಟ್ರನ್ನು ಟ್ಯಾಲಿ ಬರುವುದಿಲ್ಲ ಎಂದು ಮೂಲೆಗೆ ಕೂರಿಸಬೇಡ, ಯಾವ ರೈತನ ಭತ್ತದಲ್ಲಿ ಎಷ್ಟು ನುಚ್ಚು ಬೀಳುತ್ತದೆ ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ. ಹೊಸ ಹುಡುಗಿಯನ್ನು ಅವರ ಪಕ್ಕದಲ್ಲಿ ಕೂರಿಸು. ನಿಮ್ಮಪ್ಪನಿಗಿಂತ ಹಿರಿಯರಾದ ಹಮಾಲಿಗಳನ್ನು ನೀನು 'ಬನ್ನಿ, ಹೋಗಿ' ಎನ್ನುವುದನ್ನು ಕೇಳಿದ್ದೇನೆ. ಚಿಕ್ಕಪ್ಪ ನಗುತ್ತಾನೆ, ನಗಲಿ. ಅವರಿಗೂ ನಿನ್ನನ್ನು 'ಬುದ್ಧಿ', 'ಅಮ್ಮಾವ್ರು' ಎನ್ನುವುದನ್ನು ಬಿಟ್ಟು 'ಮೇಡಂ' ಅನ್ನೋಕೆ ಹೇಳು. ಮೇಡಂ ಎಂದು ಕರೆಸಿಕೊಳ್ಳುವವಳ ಹತ್ತಿರ ಸಂಬಳ ಕೇಳುವುದು ಸುಲಭ.

ಭಾನುವಾರ ಹುಣಸೂರಿನಿಂದ ಒಂಬತ್ತರ ಬಸ್ಸಿಗೆ ಬರುತ್ತೇನೆ. ಕೆಂಪು ಪುಸ್ತಕ ತೆಗೆದಿಡು, ಇಬ್ಬರೂ ಕೂತು ಒಬ್ಬೊಬ್ಬರದಾಗಿ ನೋಡೋಣ. ಆ ಗೋಣಿಚೀಲಗಳನ್ನು ಅಷ್ಟರಲ್ಲಿ ಬೇರೆ ಕಡೆ ಹಾಕಿಸು, ಬಾಗಿಲಿಗೆ ಒಳಚಿಲಕ ಹಾಕಲು ಬಡಗಿಗೆ ಹೇಳಿದ್ದೇನೆ. ಆ ಹೆಬ್ಬೆರಳಿನವನಿಗೆ ನಾನು ಹೇಳಿ ಕರೆಸುವುದು ಬೇಡ, ನೀನೇ ಅವನ ಮನೆಗೆ ಹೋಗಿ ಬಾ. ನಾನು ಬಂದಾಗ ಕುರ್ಚಿ ಬಿಟ್ಟು ಏಳಬೇಡ, ಬಾಗಿಲ ಬಳಿಯ ಬೆಂಚು ನನಗೆ ಸಾಕು. ಹಳೇ ಚಾಳಿ, ಯಾವನನ್ನಾದರೂ 'ಲೋ, ಟೀ ತಗೊಂಬಾರೋ' ಎಂದುಬಿಟ್ಟೆನೋ, ಎಲ್ಲರೆದುರು ಬೇಡ, ಒಳಗೆ ಕರೆದು ಹೇಳು.

ನಿನ್ನ ದೊಡ್ಡಪ್ಪ